ಮಗುವನ್ನು ಒಪ್ಪಿಸಿಕೊಂಡ ಕೈಗಳಿಗೆ ಕೂಲಿ ಎಷ್ಟು?

ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತ್‌ನ ರಾಜಿ ಪಂಚಾಯಿತಿಗೆ ಒಂದು ದೂರು ಬಂದಿತ್ತು. ದೂರು ತಂದವನು ಬೀಡಿ ಎಲೆಯ ಮೂಟೆ ಹೊರುವ ಒಬ್ಬ ಬಡ ತಂದೆ. ಆತನ ಮಗಳನ್ನು ಹನ್ನೊಂದನೇ ವಯಸ್ಸಿನಲ್ಲಿ ಪಟ್ಟಣದ ಅನುಕೂಲಸ್ಥ ಕುಟುಂಬವೊಂದು ಮಗು ನೋಡಿಕೊಳ್ಳಲೆಂದು ಕರೆತಂದಿತ್ತು. ಸಂಬಳದ ಮಾತಿರಲಿಲ್ಲ. ಊಟ, ಬಟ್ಟೆ, ಸಂಜೆಯ ಹೊತ್ತು ಮದ್ರಸ, ವಯಸ್ಸಿಗೆ ಬಂದಾಗ ಐದು ಪವನು ಚಿನ್ನ ಹಾಕಿ ನಿಕಾಹ್ ಮಾಡಿಸಿಕೊಡುವುದು, ಇದು ಒಪ್ಪಂದ. ಎಂಟು ವರ್ಷಗಳಲ್ಲಿ ಆ ಹುಡುಗಿ ಒಂದಲ್ಲ, ಆ ಮನೆಯ ಮೂರು ಮಕ್ಕಳನ್ನು ಎತ್ತಿ ಆಡಿಸಿದಳು. ನಿಕಾಹ್ ನಿಶ್ಚಯವಾದಾಗ ಆ ಕುಟುಂಬ ಒಂದೂವರೆ ಪವನು ಮತ್ತು ಒಂದು ಸೀರೆ ಕೊಟ್ಟು ಕೈ ತೊಳೆದುಕೊಂಡಿತು. ಚಿನ್ನದ ಬೆಲೆ ಏರಿದೆ, ನಾವೇನು ಮಾಡೋಣ ಎಂಬುದು ಅವರ ವಾದವಾಗಿತ್ತು.

ಪಂಚಾಯಿತಿಯಲ್ಲಿ ಕುಳಿತ ನಾವು ಏಳು ಮಂದಿ. "ಎಂಟು ವರ್ಷ ಅನ್ನ ಹಾಕಿದ್ದಾರಲ್ಲ" ಎಂದು ಹಿರಿಯರೊಬ್ಬರು ಆರಂಭದಲ್ಲೇ ಹೇಳಿಬಿಟ್ಟರು. ಆ ಮಾತಿನ ನಂತರ ಚರ್ಚೆ ಮುಂದೆ ಹೋಗಲಿಲ್ಲ. ಇನ್ನೊಂದು ಪವನು ಕೊಡಿಸಿ, ಎರಡೂ ಕಡೆಯವರಿಂದ ಸಹಿ ಹಾಕಿಸಿ, ದುಆ ಮಾಡಿ ಎದ್ದೆವು. ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ. ಎಂಟು ವರ್ಷವೆಂದರೆ ತೊಂಬತ್ತಾರು ತಿಂಗಳು. ತಿಂಗಳಿಗೆ ಬರೀ ಒಂದೂವರೆ ಸಾವಿರ ರೂಪಾಯಿಯಂತೆ ಹಿಡಿದರೂ 1,44,000 ರೂಪಾಯಿ. ಹಗಲು ರಾತ್ರಿಯೆನ್ನದೆ ಮಗುವಿನ ಬಳಿ ಇದ್ದವಳಿಗೆ ಒಂದೂವರೆ ಸಾವಿರವನ್ನು ಸಂಬಳವೆಂದು ಕರೆಯಲು ನಾಚಿಕೆಯಾಗಬೇಕು, ಅದು ಬೇರೆ ಮಾತು. ಆದರೆ ಅದಕ್ಕಿಂತ ದೊಡ್ಡ ವಿಷಯವೊಂದು ಆ ದಿನ ನಮ್ಮ ಏಳು ಮಂದಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಾವು ಚಿನ್ನದ ತೂಕದ ಬಗ್ಗೆ ಮಾತನಾಡುತ್ತಿದ್ದೆವು. ಹನ್ನೊಂದು ವರ್ಷದ ಬಾಲಕಿಯನ್ನು ಮನೆಗೆಲಸಕ್ಕೆ ಇಟ್ಟುಕೊಂಡದ್ದೇ ಅಪರಾಧ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಅದು ಅಪರಾಧವೇ. 1986ರ ಬಾಲಕಾರ್ಮಿಕ ಕಾಯ್ದೆಯ ಅಡಿಯಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಕೇಂದ್ರ ಸರಕಾರ 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಿತ್ತು. 2016ರ ತಿದ್ದುಪಡಿಯು ಹದಿನಾಲ್ಕರ ಒಳಗಿನವರನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು ನಿಷೇಧಿಸಿ, ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ ಮತ್ತು ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ಗೊತ್ತುಪಡಿಸಿದೆ. ಪೊಲೀಸರು ವಾರಂಟ್ ಇಲ್ಲದೆಯೇ ಕ್ರಮ ಕೈಗೊಳ್ಳಬಹುದಾದ ಅಪರಾಧವಿದು.

"ಅವಳು ನಮಗೆ ಸಂಬಂಧಿಕಳೇ" ಎಂಬ ಸಮರ್ಥನೆ ನಮ್ಮವರಲ್ಲಿ ಬಹಳ ಚಾಲ್ತಿಯಲ್ಲಿದೆ. ಕಾನೂನು ಇದನ್ನೂ ಯೋಚಿಸಿಯೇ ಬರೆದಿದೆ. ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು, ಆದರೆ ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ, ಅದೂ ವಿದ್ಯಾಭ್ಯಾಸಕ್ಕೆ ಅಡ್ಡಿಯಾಗದಂತೆ. ಕುಟುಂಬವೆಂದರೆ ಯಾರು? ತಂದೆ, ತಾಯಿ, ಸಹೋದರ, ಸಹೋದರಿ ಮತ್ತು ತಂದೆತಾಯಿಯರ ಒಡಹುಟ್ಟಿದವರು. ಅಜ್ಜಿಯ ತಂಗಿಯ ಸೊಸೆಯ ಊರಿನ ಹುಡುಗಿ ಈ ಪಟ್ಟಿಯಲ್ಲಿಲ್ಲ. ಸ್ವಂತ ಚಿಕ್ಕಮ್ಮನ ಮನೆಯಲ್ಲಿದ್ದರೂ ಬೆಳಗಿನ ಹೊತ್ತು ಆಕೆ ಶಾಲೆಯ ಬೆಂಚಿನ ಮೇಲಿರಬೇಕೇ ಹೊರತು ತೊಟ್ಟಿಲಿನ ಬಳಿ ಅಲ್ಲ.

ಹಾಗಾದರೆ ಹದಿನೈದು, ಹದಿನಾರರ ಹುಡುಗಿಯರು? ಈ ವಯಸ್ಸಿನವರಿಗೆ ಅಪಾಯಕಾರಿ ಕೆಲಸಗಳನ್ನು ಮಾತ್ರ ಆ ಕಾಯ್ದೆ ನಿಷೇಧಿಸುತ್ತದೆ. ಇದನ್ನೇ ಬಾಗಿಲೆಂದು ತಿಳಿದು ಒಳಗೆ ನುಸುಳುವವರು 2015ರ ಬಾಲನ್ಯಾಯ ಕಾಯ್ದೆಯ 79ನೇ ಕಲಮನ್ನು ಓದಿಕೊಳ್ಳುವುದು ಒಳ್ಳೆಯದು. ಹದಿನೆಂಟು ವರ್ಷ ತುಂಬದವರನ್ನು ಕೆಲಸದ ಹೆಸರಿನಲ್ಲಿ ಬಂಧನದಲ್ಲಿಟ್ಟರೆ ಅಥವಾ ಅವರ ದುಡಿಮೆಯ ಹಣವನ್ನು ಕೊಡದೆ ತಡೆಹಿಡಿದರೆ ಐದು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡವಿದೆ. ದುಡಿಮೆಯ ಹಣವನ್ನು ತಡೆಹಿಡಿಯುವುದು! "ಮದುವೆಯ ಹೊತ್ತಿಗೆ ಒಟ್ಟಿಗೆ ಕೊಡುತ್ತೇವೆ" ಎಂಬ ನಮ್ಮ ಸಜ್ಜನಿಕೆಯ ಮಾತಿಗೆ ಕಾನೂನಿನ ಭಾಷೆಯಲ್ಲಿ ಬೇರೆ ಹೆಸರೇನಾದರೂ ಇದೆಯೇ?

ಇನ್ನು ಮುಂಗಡದ ಪ್ರಶ್ನೆ. ಹುಡುಗಿಯ ತಂದೆಗೆ ಕಾಯಿಲೆಗೆಂದೋ ಮನೆ ರಿಪೇರಿಗೆಂದೋ ಹತ್ತು ಸಾವಿರ ಕೊಟ್ಟು, ಅದು ತೀರುವ ತನಕ ಮಗಳು ದುಡಿಯಲಿ ಎನ್ನುವವರಿದ್ದಾರೆ. ಕೊಟ್ಟವರ ಮನಸ್ಸಿನಲ್ಲಿ ಅದು ಉಪಕಾರ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ದೃಷ್ಟಿಯಲ್ಲಿ ಅದು ಜೀತ. ಜೀತವೆಂದರೆ ಗೌಡರ ಹೊಲದಲ್ಲಿ ಮಾತ್ರ ಇರುತ್ತದೆ, ಗ್ರಾನೈಟ್ ನೆಲದ ಮನೆಯಲ್ಲಿ ಇರುವುದಿಲ್ಲ ಎಂದು ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಬಾಲಕಿಯರ ವಿಷಯ ಇಷ್ಟು ಸಾಕು. ಹದಿನೆಂಟು ತುಂಬಿದ ಹೆಣ್ಣುಮಗಳೊಬ್ಬಳನ್ನು ಮಗು ನೋಡಿಕೊಳ್ಳಲು ನೇಮಿಸಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ಇಂದು ಅದು ಅನಿವಾರ್ಯವೂ ಆಗಿದೆ. ನಮ್ಮ ಹೆಣ್ಣುಮಕ್ಕಳು ಶಿಕ್ಷಕಿಯರಾಗಿದ್ದಾರೆ, ದಾದಿಯರಾಗಿದ್ದಾರೆ, ಬ್ಯಾಂಕ್‌ಗಳಲ್ಲಿದ್ದಾರೆ. ಗಂಡ ಕೊಲ್ಲಿ ರಾಷ್ಟ್ರದಲ್ಲಿ, ಅತ್ತೆ ಮಾವ ಇನ್ನೊಂದು ಊರಿನಲ್ಲಿ. ಕೂಡು ಕುಟುಂಬದಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಈಗ ಆಯಾ ಮಾಡುತ್ತಾಳೆ. ಹಾಗೆ ಒಬ್ಬಳನ್ನು ಕರೆತಂದ ದಿನದಿಂದ ಆ ಮನೆಯ ಯಜಮಾನ ಒಬ್ಬ ಮಾಲಕನಾಗುತ್ತಾನೆ, ಆ ಮನೆ ಒಂದು ಕೆಲಸದ ಸ್ಥಳವಾಗುತ್ತದೆ. ಈ ಅರಿವು ನಮ್ಮಲ್ಲಿ ಇಲ್ಲ. ಅಂಗಡಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡರೆ ಕಾರ್ಮಿಕ ನಿರೀಕ್ಷಕ ಬಂದಾನು ಎಂಬ ಭಯವಿದೆ. ಮನೆಯೊಳಗೆ ಆ ಭಯವಿಲ್ಲ. ಗಂಡಸರಂತೂ ಇದನ್ನು ಹೆಂಗಸರ ವಿಷಯವೆಂದು ಬಿಟ್ಟಿದ್ದಾರೆ. ಅಂಗಡಿಯ ಹುಡುಗನಿಗೆ ಎಷ್ಟು ಸಂಬಳವೆಂದು ತಟ್ಟನೆ ಹೇಳುವ ವ್ಯಾಪಾರಿಗೆ ತನ್ನ ಮಗುವಿನ ಆಯಾಳಿಗೆ ಎಷ್ಟು ಕೊಡಲಾಗುತ್ತಿದೆ ಎಂದು ಕೇಳಿ ನೋಡಿ.

ದೇಶದ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ಮನೆಗೆಲಸದವರ ಹಕ್ಕುಗಳ ಕುರಿತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರ ಜೂನ್ 16ರಂದು 189ನೇ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರವಾಗಿ ಮತ ಹಾಕಿತು. ಮತ ಹಾಕಿದ್ದಷ್ಟೇ. ಅದನ್ನು ಅನುಮೋದಿಸಿ ತನ್ನ ನೆಲದಲ್ಲಿ ಜಾರಿಗೆ ತರಲಿಲ್ಲ. ಮನೆಗೆಲಸದವರಿಗಾಗಿ ಪ್ರತ್ಯೇಕ ಕೇಂದ್ರ ಕಾನೂನೊಂದು ಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಸಂಸತ್ತಿನಲ್ಲಿ ಕುಳಿತವರ ಮನೆಗಳಲ್ಲೂ ಆಯಾಗಳಿದ್ದಾರೆ ಎಂಬುದು ಈ ವಿಳಂಬಕ್ಕೆ ಕಾರಣವಿರಬಹುದೇ? 2025ರ ಜನವರಿ 29ರಂದು ಸುಪ್ರೀಂ ಕೋರ್ಟ್, ಇಂತಹದ್ದೊಂದು ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಬೇಕಾಯಿತು.

ಕರ್ನಾಟಕವು ಈ ವಿಷಯದಲ್ಲಿ ಕೆಲವು ರಾಜ್ಯಗಳಿಗಿಂತ ಮುಂದಿತ್ತು ಎಂಬುದನ್ನು ಒಪ್ಪಬೇಕು. ಇಲ್ಲಿ 2004ರಲ್ಲೇ ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ ಅಧಿಸೂಚನೆ ಹೊರಡಿಸಲಾಯಿತು. ಅಂದರೆ ಆಯಾಳಿಗೆ ಎಷ್ಟು ಕೊಡಬೇಕೆಂಬುದು ನಮ್ಮ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ ಎಂದು ಈ ರಾಜ್ಯ ಎರಡು ದಶಕಗಳ ಹಿಂದೆಯೇ ಹೇಳಿತ್ತು. ಆ ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಸುತ್ತಾರೆ. ಯಾರಾದರೂ ಹೋಗಿ ವಿಚಾರಿಸಿದ್ದೇವೆಯೇ? ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ನೀಡಿದೆ. "ಅವಳೇ ಒಪ್ಪಿದ್ದಾಳೆ" ಎಂಬ ಉತ್ತರವನ್ನು ಆ ತೀರ್ಪು ತಳ್ಳಿಹಾಕಿತು. ಹಸಿವಿನ ಒತ್ತಡದಿಂದ ಬಂದ ಒಪ್ಪಿಗೆಯೂ ಒಂದು ಬಗೆಯ ಬಲವಂತವೇ.

1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಅದರೊಂದಿಗೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಈ ಎರಡನೆಯದು ಮನೆಗಳಲ್ಲಿ ದುಡಿಯುವವರನ್ನು ಅಸಂಘಟಿತ ವಲಯದ ಕೂಲಿ ಕಾರ್ಮಿಕರೆಂದು ಹೆಸರಿಸಿಯೇ ಗುರುತಿಸಿದೆ. ಕಾಗದದ ಮೇಲಿನ ಈ ಗುರುತಿನಿಂದ ಆಯಾಳಿಗೆ ಪ್ರಯೋಜನವಾಗಬೇಕಾದರೆ ಆಕೆಯ ಹೆಸರು ಸರಕಾರದ ದಾಖಲೆಯಲ್ಲಿರಬೇಕು. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ ಆಧಾರ್ ಮತ್ತು ಬ್ಯಾಂಕ್ ಖಾತೆ ಸಾಕು. ಅಕ್ಷರ ಬಾರದ ಹೆಣ್ಣುಮಗಳಿಗೆ ಇದು ದೊಡ್ಡ ಬೆಟ್ಟ. ನಮ್ಮ ಮನೆಯ ಕಾಲೇಜು ಓದುವ ಮಗನಿಗೆ ಹದಿನೈದು ನಿಮಿಷದ ಕೆಲಸ.

ಕಾನೂನಿನ ಇನ್ನೊಂದು ಮುಖವನ್ನು ಹೇಳಲು ನಮ್ಮ ಸಮಾಜ ಮುಜುಗರಪಡುತ್ತದೆ, ಆದ್ದರಿಂದಲೇ ಹೇಳಬೇಕಾಗಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸಿ ಮನೆಗೆಲಸದ ಮಹಿಳೆಯರನ್ನು ತನ್ನ ವ್ಯಾಪ್ತಿಗೆ ತಂದಿದೆ. ಆಕೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ಹುರುಳಿದೆಯೆಂದು ಕಂಡರೆ ಸಮಿತಿಯು ಅದನ್ನು ಏಳು ದಿನಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನ್ಯ ಸ್ತ್ರೀ ಪುರುಷರು ಏಕಾಂತದಲ್ಲಿರಬಾರದೆಂಬ ನಿಯಮವನ್ನು ನಮ್ಮ ಮಸೀದಿಗಳ ಮಿಂಬರ್‌ನಿಂದ ಸಾವಿರ ಸಲ ಕೇಳಿದ್ದೇವೆ. ನಮ್ಮ ಮಗಳು ಕಾಲೇಜಿಗೆ ಹೋಗುವಾಗ ಅದು ನೆನಪಾಗುತ್ತದೆ. ಹೆಂಡತಿ ತವರಿಗೆ ಹೋದ ದಿನ, ಮನೆಯಲ್ಲಿ ಆಯಾ ಮತ್ತು ಮಗು ಮಾತ್ರ ಇರುವಾಗ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವ ಗಂಡಸಿಗೆ ಅದು ನೆನಪಾಗುತ್ತದೆಯೇ? ಆ ದಿನಗಳಲ್ಲಿ ಆಕೆಗೆ ಸಂಬಳ ಸಹಿತ ರಜೆ ಕೊಡುವುದೋ, ಹಿರಿಯ ಹೆಣ್ಣುಮಗಳೊಬ್ಬರನ್ನು ಮನೆಗೆ ಕರೆಸುವುದೋ ಗಂಡಸಿನ ಹೊಣೆ. ಅಪವಾದ ಬಂದಾಗ ಮನೆಯ ಮಾನದ ಬಗ್ಗೆ ಮಾತನಾಡುವವರು ಆಕೆಗೂ ಒಂದು ಮಾನವಿದೆ ಎಂಬುದನ್ನು ಮರೆಯುತ್ತಾರೆ.

ಈಗ ನಮ್ಮ ಧರ್ಮದ ಮಾತಿಗೆ ಬರೋಣ. ಕುರ್‌ಆನ್‌ನ ಅಲ್ ಬಕರ ಅಧ್ಯಾಯದ 233ನೇ ವಚನವು ಮಗುವಿಗೆ ಹಾಲುಣಿಸಲು ಅನ್ಯ ಸ್ತ್ರೀಯನ್ನು ನೇಮಿಸಿಕೊಳ್ಳುವುದಕ್ಕೆ ಅನುಮತಿ ನೀಡುವಾಗ, ಗೊತ್ತುಪಡಿಸಿದ ಪ್ರತಿಫಲವನ್ನು ನ್ಯಾಯವಾದ ರೀತಿಯಲ್ಲಿ ಸಲ್ಲಿಸಬೇಕೆಂಬ ಶರತ್ತನ್ನು ಜೊತೆಗೇ ಇಟ್ಟಿದೆ. ಅತ್ತಲಾಕ್ ಅಧ್ಯಾಯದ 6ನೇ ವಚನ ಇನ್ನೂ ಮುಂದೆ ಹೋಗುತ್ತದೆ. ವಿಚ್ಛೇದಿತ ತಾಯಿ ತನ್ನದೇ ಮಗುವಿಗೆ ಹಾಲುಣಿಸಿದರೂ ಆಕೆಗೆ ಅದರ ಕೂಲಿಯನ್ನು ಕೊಡಬೇಕೆಂದು ತಂದೆಗೆ ಆಜ್ಞಾಪಿಸುತ್ತದೆ. ಹೆತ್ತವಳ ಆರೈಕೆಯನ್ನೇ ದುಡಿಮೆಯೆಂದು ಪರಿಗಣಿಸಿದ ಗ್ರಂಥವನ್ನು ಎದೆಗೊತ್ತಿಕೊಂಡವರು, ಹೊರಗಿನ ಹೆಣ್ಣುಮಗಳ ಆರೈಕೆಯನ್ನು ಊಟ ಬಟ್ಟೆಯಲ್ಲಿ ಮುಗಿಸಿಬಿಡುವುದು ಹೇಗೆ ಸಾಧ್ಯ? ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶವನ್ನು ನಾವು ಸಭೆಗಳಲ್ಲಿ ಇತರ ಧರ್ಮೀಯರಿಗೆ ಹೆಮ್ಮೆಯಿಂದ ಹೇಳುತ್ತೇವೆ. ಎಂಟು ವರ್ಷಗಳ ಬೆವರು ಆರುವುದಕ್ಕೆ ನಿಕಾಹ್‌ನ ದಿನದವರೆಗೆ ಕಾಯಬೇಕೆಂದು ಯಾವ ಹದೀಸ್‌ನಲ್ಲಿದೆ?

ಪ್ರವಾದಿ(ಸ)ರನ್ನು ಎಳವೆಯಲ್ಲಿ ನೋಡಿಕೊಂಡವರ ಪೈಕಿ ಹಲೀಮಾ ಸಅದಿಯಾರ ಹೆಸರು ಎಲ್ಲರಿಗೂ ಗೊತ್ತು. ಉಮ್ಮು ಐಮನ್‌ರ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ. ಬರಕಾ ಎಂಬ ಹೆಸರಿನ ಆ ಅಬಿಸೀನಿಯದ ಮಹಿಳೆ ಪ್ರವಾದಿ(ಸ)ರ ತಂದೆಯ ಮನೆಯಲ್ಲಿ ದಾಸಿಯಾಗಿದ್ದವರು. ಮಕ್ಕಾ ಮತ್ತು ಮದೀನಾ ನಡುವಿನ ಅಬ್‌ವಾ ಎಂಬಲ್ಲಿ ತಾಯಿ ಆಮಿನಾ ತೀರಿಕೊಂಡಾಗ ಆರು ವರ್ಷದ ಅನಾಥ ಬಾಲಕನನ್ನು ಮಕ್ಕಾಕ್ಕೆ ಕರೆತಂದವರು ಆಕೆ. ಪ್ರವಾದಿ(ಸ)ರು ಮುಂದೆ ಆಕೆಯನ್ನು ದಾಸ್ಯದಿಂದ ಬಿಡುಗಡೆ ಮಾಡಿದರು, ತಾಯಿಯ ಸ್ಥಾನದಲ್ಲಿ ಕಂಡರು, ಆಕೆಯ ಮನೆಗೆ ಹೋಗಿ ಭೇಟಿಯಾಗುತ್ತಿದ್ದರು. ಅವರ ನಿಧನದ ನಂತರ ಅಬೂಬಕರ್(ರ) ಮತ್ತು ಉಮರ್(ರ) ಆ ರೂಢಿಯನ್ನು ಮುಂದುವರಿಸಿ ಆಕೆಯನ್ನು ಕಾಣಲು ಹೋದುದನ್ನು ಸಹೀಹ್ ಮುಸ್ಲಿಮ್ ದಾಖಲಿಸಿದೆ. ಒಂದು ರಾಷ್ಟ್ರದ ಮುಖ್ಯಸ್ಥ, ತನ್ನ ನಾಯಕನನ್ನು ಎತ್ತಿ ಬೆಳೆಸಿದ ಮುದುಕಿಯೊಬ್ಬರ ಮನೆಯ ಬಾಗಿಲಿಗೆ ಹೋಗುತ್ತಾರೆ. ನಮ್ಮ ಮಕ್ಕಳ ಮದುವೆಯ ಆಮಂತ್ರಣ ಪತ್ರಿಕೆಯಾದರೂ ಅವರ ಆಯಾಳ ಮನೆಗೆ ಹೋಗುತ್ತದೆಯೇ?

ಝಕಾತ್‌ನ ಬಗ್ಗೆಯೂ ಒಂದು ಮಾತು. ರಮಝಾನ್ ಬಂತೆಂದರೆ ಕೆಲವರು ಆಯಾಳಿಗೆ ಝಕಾತ್‌ನಿಂದ ಎರಡು ಮೂರು ಸಾವಿರ ಕೊಡುತ್ತಾರೆ. ಆಕೆ ಝಕಾತ್‌ಗೆ ಅರ್ಹಳಾದರೆ ಕೊಡಲು ಅಡ್ಡಿಯಿಲ್ಲ. ಆದರೆ ಆ ಹಣ ಕೈಗಿಡುವಾಗ, ವರ್ಷವಿಡೀ ಕಡಿಮೆ ಕೊಟ್ಟ ಸಂಬಳವನ್ನು ಇದರಿಂದ ಸರಿದೂಗಿಸಿದೆನೆಂದೋ, ಮುಂದಿನ ವರ್ಷವೂ ಇಲ್ಲೇ ಇರಲಿ ಎಂದೋ ಮನಸ್ಸಿನಲ್ಲಿದ್ದರೆ ಅದು ಝಕಾತ್ ಅಲ್ಲ. ಕೆಲಸದ ಪ್ರತಿಫಲವಾಗಿ ಕೊಟ್ಟದ್ದು ಝಕಾತ್ ಆಗದೆಂಬುದು ವಿದ್ವಾಂಸರು ಸ್ಪಷ್ಟವಾಗಿ ಹೇಳಿರುವ ವಿಷಯ. ಸಂಬಳ ಆಕೆಯ ಹಕ್ಕು, ಝಕಾತ್ ಬಡವರ ಹಕ್ಕು. ಒಂದೇ ನೋಟಿನಿಂದ ಎರಡು ಸಾಲ ತೀರಿಸಲು ಹೊರಟರೆ ಎರಡೂ ತೀರದೆ ಉಳಿಯುತ್ತವೆ.

"ನಾವು ಅವಳನ್ನು ಮನೆಯವಳಂತೆಯೇ ನೋಡಿಕೊಳ್ಳುತ್ತೇವೆ." ಈ ವಾಕ್ಯವನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆಂದು ಹೇಳಲಾರೆ. ಆ ಮನೆಗಳಲ್ಲೇ ಅಡುಗೆಕೋಣೆಯ ಮೂಲೆಯಲ್ಲಿ ಬೇರೆಯಾಗಿ ಇಟ್ಟ ಒಂದು ಸ್ಟೀಲ್ ಲೋಟ ಮತ್ತು ಒಂದು ತಟ್ಟೆಯನ್ನೂ ಕಂಡಿದ್ದೇನೆ. ಇದು ಎಲ್ಲಿಂದ ಬಂತು? ಇಸ್ಲಾಮಿನಿಂದ ಖಂಡಿತ ಬಂದಿಲ್ಲ. ಸೇವಕರು ನಿಮ್ಮ ಸಹೋದರರು, ನೀವು ತಿನ್ನುವುದನ್ನೇ ಅವರಿಗೆ ತಿನ್ನಿಸಿ, ನೀವು ಉಡುವಂಥದ್ದನ್ನೇ ಉಡಿಸಿ, ಶಕ್ತಿ ಮೀರಿದ ಹೊರೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈ ಜೋಡಿಸಿ ಎಂಬ ಅರ್ಥದ ಪ್ರವಾದಿ ವಚನ ಬುಖಾರಿಯಲ್ಲಿದೆ. ಆ ಪ್ರತ್ಯೇಕ ಲೋಟ ನಾವು ಸುತ್ತಲಿನ ಜಾತಿ ಪದ್ಧತಿಯಿಂದ ಎರವಲು ತಂದುಕೊಂಡದ್ದು. ತನ್ನ ಮಗುವಿನ ಬಾಯಿಗೆ ಆಕೆಯ ಬೆರಳುಗಳಿಂದಲೇ ಗಂಜಿ ತಿನ್ನಿಸಲು ಅಭ್ಯಂತರವಿಲ್ಲದ ತಾಯಿಗೆ, ಆಕೆ ಕುಡಿದ ಲೋಟದಲ್ಲಿ ಮಾತ್ರ ಅಭ್ಯಂತರ!

ಮನೆಯವಳಂತೆ ಎನ್ನುವ ಮಾತು ಆಕೆಗೆ ಹಕ್ಕು ಕೊಡುವ ಸಂದರ್ಭದಲ್ಲಿ ಬರುವುದಿಲ್ಲ, ಕೆಲಸದ ವೇಳೆ ಮುಗಿಯುವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ಮನೆಯವಳಾದ್ದರಿಂದ ಭಾನುವಾರದ ರಜೆ ಬೇಡ. ಮನೆಯವಳಾದ್ದರಿಂದ ಮಗು ಮಲಗಿದಾಗ ನಾಲ್ಕು ಪಾತ್ರೆ ತೊಳೆಯಬಹುದು, ನೆಂಟರು ಬಂದಾಗ ಮೀನು ಕೊಯ್ಯಬಹುದು, ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಎದ್ದು ಬರಬಹುದು. ಆಕೆಯನ್ನು ಮಗುವಿಗೆಂದು ನೇಮಿಸಿಕೊಂಡಿದ್ದರೆ ಕೆಲಸ ಮಗುವಿನದ್ದು ಮಾತ್ರ. ಅಡುಗೆ ಮತ್ತು ಬಟ್ಟೆ ಒಗೆತ ಬೇರೆ ಕೆಲಸಗಳು, ಅವಕ್ಕೆ ಬೇರೆ ಹಣ. ಇದು ಕೇವಲ ನ್ಯಾಯದ ಪ್ರಶ್ನೆಯಲ್ಲ, ಮಗುವಿನ ಸುರಕ್ಷತೆಯ ಪ್ರಶ್ನೆಯೂ ಹೌದು. ಬಕೆಟ್ ತುಂಬಾ ನೀರಿರುವ ಬಚ್ಚಲು, ಒಲೆಯ ಮೇಲೆ ಕುದಿಯುವ ಸಾರು, ನಡೆಯಲು ಕಲಿತ ಹನ್ನೊಂದು ತಿಂಗಳ ಕೂಸು, ಇವಿಷ್ಟರ ನಡುವೆ ಒಬ್ಬಳೇ ಹೆಂಗಸು ಬಟ್ಟೆ ಒಗೆಯುತ್ತಿದ್ದರೆ ಏನಾಗಬಹುದೆಂದು ಹೇಳಬೇಕಿಲ್ಲ. ಏನಾದರೂ ಆದ ಮೇಲೆ ತಪ್ಪು ಯಾರ ತಲೆಗೆ ಬರುತ್ತದೆ ಎಂಬುದನ್ನೂ ಹೇಳಬೇಕಿಲ್ಲ.

ಆದ್ದರಿಂದ ಕರೆತರುವ ದಿನವೇ ಕುಳಿತು ಮಾತನಾಡಿ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಆಕೆಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಸಂಬಳ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವ ದಿನ, ಕಾಯಿಲೆ ಬಿದ್ದರೆ ಹೇಗೆ, ಕೆಲಸ ಬಿಡುವಾಗ ಅಥವಾ ಬಿಡಿಸುವಾಗ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿದ ಮೇಲೆ ಬರೆಯುವುದು ಅಪನಂಬಿಕೆಯ ಲಕ್ಷಣವೆಂದು ಮುಸ್ಲಿಮನೊಬ್ಬ ಹೇಳುವಂತಿಲ್ಲ. ಸಂಬಳ ಆಕೆಯದ್ದೇ ಬ್ಯಾಂಕ್ ಖಾತೆಗೆ ಹೋಗಲಿ. ಗಂಡನ ಅಥವಾ ತಂದೆಯ ಕೈಗೆ ಕೊಟ್ಟರೆ ಅದು ಆಕೆಗೆ ತಲುಪಿತೆಂದು ಅರ್ಥವಲ್ಲ. ಅನೇಕ ಮನೆಗಳಲ್ಲಿ ಅದು ಸಾರಾಯಿ ಅಂಗಡಿಗೆ ತಲುಪುತ್ತದೆ.

ಗುರುತಿನ ದಾಖಲೆ ನೋಡುವುದು, ಠಾಣೆಯಲ್ಲಿ ವಿವರ ಕೊಟ್ಟು ಪರಿಶೀಲಿಸಿಕೊಳ್ಳುವುದು ತಪ್ಪಲ್ಲ. ನಾವು ಒಪ್ಪಿಸುತ್ತಿರುವುದು ಮಗುವನ್ನು. ಆದರೆ ಆಧಾರ್‌ನ ಮೂಲ ಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಹಕ್ಕು ಯಾರಿಗೂ ಇಲ್ಲ. ಈ ಮಾತು ನಮ್ಮ ಕರಾವಳಿಯವರಿಗೆ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು? ಪಾಸ್‌ಪೋರ್ಟನ್ನು ಅರಬಿಯ ಕೈಗೆ ಕೊಟ್ಟು, ರಜೆಗಾಗಿ ಅಂಗಲಾಚಿ, ತಿಂಗಳುಗಟ್ಟಲೆ ಸಂಬಳ ಬಾರದೆ ಕಣ್ಣೀರಿಟ್ಟವರು ನಮ್ಮ ತಂದೆಯರು, ನಮ್ಮ ಅಣ್ಣಂದಿರು. ಅಂತಹ ಒಂದು ದೇಶವಾದ ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿ ಕಾನೂನು ಮಾಡಿತು. ವಾರಕ್ಕೊಂದು ರಜೆ, ವರ್ಷಕ್ಕೆ ಮೂವತ್ತು ದಿನ ಸಂಬಳ ಸಹಿತ ರಜೆ, ಕೆಲಸ ಬಿಡುವಾಗ ದುಡಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಅಲ್ಲಿ ಅದೆಲ್ಲ ಸರಿಯಾಗಿ ಪಾಲನೆಯಾಗುತ್ತಿದೆಯೆಂದು ಯಾರೂ ಹೇಳಲಾರರು. ಆದರೂ ಕಾನೂನಿನ ಪುಸ್ತಕದಲ್ಲಿ ಅಷ್ಟಿದೆ. ಕೊಲ್ಲಿಯ ಹಣದಲ್ಲಿ ಕಟ್ಟಿದ ನಮ್ಮ ಮನೆಗಳಲ್ಲಿ ಆಯಾಳಿಗೆ ಅಷ್ಟೂ ಇಲ್ಲ.

ಆಕೆ ಮುಸ್ಲಿಮಳಾಗಿರಲೇಬೇಕೆಂದಿಲ್ಲ, ಹೆಚ್ಚಿನ ಕಡೆ ಆಗಿರುವುದೂ ಇಲ್ಲ. ಆಕೆಯ ದೀಪಾವಳಿಗೋ ಕ್ರಿಸ್‌ಮಸ್‌ಗೋ ರಜೆ ಮತ್ತು ಉಡುಗೊರೆ ಸಿಗಬೇಕು. ಆಕೆಯ ನಂಬಿಕೆಯನ್ನು ಮಕ್ಕಳೆದುರು ಗೇಲಿ ಮಾಡಬಾರದು. ಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದರೆ ಅದನ್ನು ಆಕೆಗೆ ತಿಳಿಸಬೇಕು. ಆಕೆ ಮಲಗುವ ಮತ್ತು ಬಟ್ಟೆ ಬದಲಿಸುವ ಕಡೆ ಇಡಲೇಬಾರದು. ಮಗುವಿಗೆ ಜ್ವರ ಬಂದರೆ ಯಾವ ಔಷಧ, ಎಷ್ಟು, ಯಾರಿಗೆ ಫೋನ್ ಮಾಡಬೇಕು, 108ಕ್ಕೆ ಯಾವಾಗ ಕರೆಯಬೇಕು ಎಂಬುದನ್ನು ಆಕೆಗೆ ಕಲಿಸದೆ ಕೆಲಸಕ್ಕೆ ಹೋಗುವ ತಂದೆತಾಯಿಯರು ಬೇಜವಾಬ್ದಾರರು. ಕಡಲೆಕಾಯಿಯಂಥ ಗಟ್ಟಿ ಕಾಳನ್ನು ಸಣ್ಣ ಮಗುವಿನ ಕೈಗೆ ಕೊಡಬಾರದೆಂಬುದು ಓದಿದ ನಮಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಮನೆಯಲ್ಲಿ ಒಂದು ಉಂಗುರ ಕಾಣೆಯಾದರೆ ಮೊದಲ ಸಂಶಯ ಯಾರ ಮೇಲೆ ಬರುತ್ತದೆ ಎಂಬುದು ನಮಗೆಲ್ಲ ತಿಳಿದಿದೆ. ಆಕೆಯ ಚೀಲ ತಡಕುವುದು, ಕೋಣೆಯಲ್ಲಿ ಕೂಡಿಹಾಕಿ ಕೇಳುವುದು, ಕುರ್‌ಆನ್ ಮುಟ್ಟಿಸಿ ಆಣೆ ಮಾಡಿಸುವುದು! ಯಾರನ್ನೇ ಆಗಲಿ ಅಕ್ರಮವಾಗಿ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಸಂಶಯವಿದ್ದರೆ ದೂರು ಕೊಡಲು ಠಾಣೆಯಿದೆ. ಆ ಉಂಗುರ ಮೂರು ದಿನಗಳ ನಂತರ ವಾಷಿಂಗ್ ಮೆಷಿನ್‌ನೊಳಗೆ ಸಿಕ್ಕ ಮನೆಗಳೂ ನನಗೆ ಗೊತ್ತು. ಆಕೆಯಲ್ಲಿ ಕ್ಷಮೆ ಕೇಳಿದ ಮನೆ ಮಾತ್ರ ಒಂದೂ ಗೊತ್ತಿಲ್ಲ.

ಜಮಾಅತ್‌ಗಳಿಗೆ ಇದರಲ್ಲಿ ಕೆಲಸವಿದೆ. ನಿಕಾಹ್‌ನ ದಫ್ತರದಂತೆ ಮೊಹಲ್ಲಾದ ಯಾವ ಮನೆಯಲ್ಲಿ ಯಾವ ಹುಡುಗಿ ದುಡಿಯುತ್ತಿದ್ದಾಳೆ, ಆಕೆಯ ವಯಸ್ಸೆಷ್ಟು ಎಂಬುದು ಪದಾಧಿಕಾರಿಗಳಿಗೆ ತಿಳಿಯದ ವಿಷಯವೇನಲ್ಲ. ಶಾಲೆಗೆ ಹೋಗಬೇಕಾದವಳನ್ನು ಶಾಲೆಗೆ ಸೇರಿಸಿ, ಖರ್ಚನ್ನು ಬೈತುಲ್‌ಮಾಲ್‌ನಿಂದ ಭರಿಸಬಹುದು. ಮಾತಿಗೆ ಬಗ್ಗದ ಮನೆಯಿದ್ದರೆ 1098ಕ್ಕೆ ಕರೆ ಮಾಡುವುದು ಸಮುದಾಯ ದ್ರೋಹವಲ್ಲ. ರಾಜಿ ಪಂಚಾಯಿತಿಗೆ ಸಂಬಳದ ವ್ಯಾಜ್ಯ ತೀರಿಸುವ ಅಧಿಕಾರವಿರಬಹುದು, ಬಾಲಕಾರ್ಮಿಕ ಪ್ರಕರಣವನ್ನು ಸಹಿ ಹಾಕಿಸಿ ಮುಚ್ಚುವ ಅಧಿಕಾರವಿಲ್ಲ. ನಾವು ಏಳು ಮಂದಿ ಅಂದು ಮಾಡಿದ್ದು ಅದನ್ನೇ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮನೆಯ ವಿಷಯವನ್ನೂ ಹೇಳಬೇಕಾಗುತ್ತದೆ. ನನ್ನ ಮಗ ಹುಟ್ಟಿದಾಗ ನಮ್ಮಲ್ಲೂ ಒಬ್ಬಾಕೆ ಇದ್ದಳು, ನಲವತ್ತರ ಆಸುಪಾಸಿನ ವಿಧವೆ. ನಾಲ್ಕು ವರ್ಷ ಆತನನ್ನು ನೋಡಿಕೊಂಡಳು. ಸಂಬಳವನ್ನು ತಪ್ಪದೆ ಕೊಟ್ಟೆವು, ಲೋಟ ಬೇರೆ ಇಡಲಿಲ್ಲ, ಅಷ್ಟಕ್ಕೆ ನಮ್ಮನ್ನು ನಾವೇ ಒಳ್ಳೆಯವರೆಂದು ತಿಳಿದಿದ್ದೆವು. ವಾರದ ರಜೆಯೆಂಬ ವಿಚಾರ ನಮಗಾಗಲಿ ಆಕೆಗಾಗಲಿ ಬರಲೇ ಇಲ್ಲ. ಆ ಪಂಚಾಯಿತಿಯ ನಂತರ ನನ್ನ ಪತ್ನಿ ಕ್ಯಾಲೆಂಡರ್ ಹಿಡಿದು ಕುಳಿತು, ವರ್ಷಕ್ಕೆ ಐವತ್ತೆರಡರಂತೆ 208 ದಿನಗಳ ಲೆಕ್ಕ ತೆಗೆದಳು. ಅಂದಿನ ದರವೋ ಇಂದಿನ ದರವೋ ಎಂಬ ವಾದದಲ್ಲಿ ನಾನು ಸೋತೆ. ವಿಳಾಸ ಹುಡುಕಿಕೊಂಡು ಹೋದಾಗ ಆಕೆ ಮಗಳ ಮನೆಯ ಜಗಲಿಯಲ್ಲಿ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹಣದ ಮಾತು ಆಕೆಗೆ ಬೇಗ ಅರ್ಥವಾಗಲಿಲ್ಲ, ನನ್ನ ಮಗ ಈಗಲೂ ಬೆಂಡೆಕಾಯಿ ತಿನ್ನುವುದಿಲ್ಲವೇ ಎಂದು ಕೇಳಿದಳು. ಒಟ್ಟಿಗೆ ಕೊಡುವ ಶಕ್ತಿ ನನಗಿರಲಿಲ್ಲವಾದ್ದರಿಂದ ಕಂತುಗಳಲ್ಲಿ ಅವಳ ಖಾತೆಗೆ ಹಾಕುತ್ತಾ ಬಂದಿದ್ದೇನೆ. ಇನ್ನೂ ಎರಡು ಕಂತು ಬಾಕಿಯಿದೆ.